ಚಿಕ್ಕಪ್ಪ ತಿರುಗಿಸಿದ ಮುಚ್ಚಳ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ವಿಜ್ಞಾನಿ ಬೆರಳುದ್ದದ ಕೊಳವೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುತಿರುಗಿಸಿ ನೋಡುತ್ತಿದ್ದಳು. ಒಳಗಿನ ಲೋಳೆಯಲ್ಲಿ ಒಂದೇ ಒಂದು ಗುಳ್ಳೆ ಇರಲಿಲ್ಲ.

— ಬಿಗಿ ಮಾಡಿದ್ರಾ? ಯಾರು ಹೇಳಿದ್ರು ಚಿಕ್ಕಪ್ಪ ನಿಮಗೆ?

— ಯಾರು ಹೇಳ್ಬೇಕು? ಮುಚ್ಚಳ ಸಡಿಲ ಇತ್ತು. ತೆರೆದಿದ್ದನ್ನ ಮುಚ್ಚದೆ ಮೂವತ್ತೊಂದು ವರ್ಷದಲ್ಲಿ ಒಂದು ದಿನ ಹೊರಗೆ ಬಂದೋನಲ್ಲ ನಾನು.

ಚಿಕ್ಕಪ್ಪ ಅಲ್ಲಿ ಯಾರಿಗೂ ಚಿಕ್ಕಪ್ಪನಲ್ಲ. ಲೇಸರ್ ಪ್ರಯೋಗಾಲಯದ ಮೆಕ್ಯಾನಿಕ್. ನಿರ್ದೇಶಕರೂ ಅವನನ್ನು ಹಾಗೆಯೇ ಕರೆಯುತ್ತಿದ್ದರು.

— ಆ ಮುಚ್ಚಳ ತಿರುಗಿಸಿದ್ರೆ ಒತ್ತಡ ಬಿದ್ದು ಗುಳ್ಳೆ ಎಲ್ಲ ಅಡಗಿಹೋಗುತ್ತೆ! ನ್ಯೂಟ್ರಾನ್ ಬಂತು ಅನ್ನೋದಕ್ಕೆ ಇದ್ದ ಸಾಕ್ಷಿ ಅದೊಂದೇ.

— ಮುಚ್ಚಿದ್ದೀನಲ್ಲ ಡಾಕ್ಟ್ರಮ್ಮ, ಒಳಗೇ ಇರುತ್ತೆ. ಎಲ್ಲಿಗೆ ಹೋಗುತ್ತೆ?

— ಉಕ್ಕಿನ ಪೆಟ್ಟಿಗೆ ತೂರ್ಕೊಂಡು ಬಂದಿದ್ದು ಅದು! ನಿಮ್ಮ ಮುಚ್ಚಳಕ್ಕೆ ಹೆದರುತ್ತಾ?

— ಹಾಗಾದ್ರೆ ನಾನು ಮುಚ್ಚಿದ್ದರಿಂದ ಏನೂ ಕೆಟ್ಟಿಲ್ಲ ಅಂತಾಯ್ತು.

ಕೆಟ್ಟಿತ್ತು. ಉಕ್ಕಿನ ಪೆಟ್ಟಿಗೆಯೊಳಗಿಟ್ಟ, ಭಾರಜಲಜನಕ ತುಂಬಿದ ಪ್ಲಾಸ್ಟಿಕ್ ಚೂರಿನ ಮೇಲೆ ಲೇಸರ್ ಬೆಳಕನ್ನು ಒಂದು ಚುಕ್ಕೆಯಾಗಿಸಿ ಹೊಡೆದರೆ ಪರಮಾಣುಗಳ ಬೀಜಗಳು ಒಂದಕ್ಕೊಂದು ಬೆಸೆದು ನ್ಯೂಟ್ರಾನ್ ಚಿಮ್ಮಬೇಕು. ಲೋಳೆಗೆ ಸಿಕ್ಕ ಒಂದೊಂದೂ ಒಂದೊಂದು ಗುಳ್ಳೆ. ಹತ್ತಕ್ಕಿಂತ ಹೆಚ್ಚು ಗುಳ್ಳೆಯ ದಾಖಲೆ ತೋರಿಸಿದರೆ ಸಮಿತಿ ಅವಳಿಗೆ ಇನ್ನೊಂದು ವರ್ಷ ಯಂತ್ರ ಬಿಟ್ಟುಕೊಡುತ್ತಿತ್ತು. ಇಲ್ಲವಾದರೆ ಮಧ್ಯಾಹ್ನದಿಂದಲೇ ಅದು ಪಕ್ಕದ ಕೋಣೆಯ ಗಾಜು ಕೊರೆಯುವವರ ಪಾಲು. ಕೊನೆಯ ಚೂರು ಆಗಲೇ ಹೊಗೆಯಾಗಿತ್ತು.

— ಮುಚ್ಚೋ ಮುಂಚೆ ಗುಳ್ಳೆ ನೋಡಿದ್ರಾ?

— ನೋಡ್ದೆ. ಎಣಿಸ್ದೆ ಕೂಡ.

— ಎಷ್ಟಿತ್ತು?

— ನೆನಪಿಲ್ಲ.

— ಎಣಿಸಿದ್ದು ನೆನಪಿಲ್ವಾ!

— ಎಣಿಸೋದು ನನ್ನ ಬಾಯಿಚಟ. ನೆನಪಿಟ್ಕೊಳ್ಳೋಕೆ ಓದಿದೋರು ನೀವಿದ್ದೀರಲ್ಲ.

ಚಿಕ್ಕಪ್ಪ ಗೋಡೆಯತ್ತ ಭಯಭಕ್ತಿಯಿಂದ ನೋಡಿದ. ಅಲ್ಲಿ ಅವಳದೇ ಸಹಿಯ ನೋಟೀಸು: 'ಕೆಲಸದ ವೇಳೆ ಗಟ್ಟಿಯಾಗಿ ಎಣಿಸಬಾರದು.'

— ಬೈಬೇಡಿ. ಮೆಲ್ಲಗೇ ಎಣಿಸ್ದೆ.

— ಲೇಸರ್ ಕೋಣೆ ಮೈಕಿಗೆ ಕೇಳಿಸೋ ಅಷ್ಟು ಮೆಲ್ಲಗಾ?

— ಮೈಕ್ ಎಲ್ಲಾ ಕೇಳಿಸ್ಕೊಳ್ಳುತ್ತೆ. ಅವಘಡ ಆದ್ರೆ ಬೇಕು ಅಂತ ಗಂಟೆ ನಿಮಿಷ ಸಮೇತ ರೆಕಾರ್ಡ್ ಆಗ್ತಾನೇ ಇರುತ್ತೆ. ನೀವು ಈ ಕಡೆ ಸ್ಪೀಕರ್ ಮಾತ್ರ ಆರಿಸಿದ್ರಿ. ತಲೆನೋವು ಅಂತ.

ಅವಳು ಕುರ್ಚಿಯನ್ನು ಒದ್ದು ಓಡಿ ರೆಕಾರ್ಡ್ ಹಾಕುವ ಗುಂಡಿ ಒತ್ತಿದಳು. ಸ್ಪೀಕರಿನಿಂದ ಚಿಕ್ಕಪ್ಪನ ದನಿ: "...ಹತ್ತು, ಹನ್ನೊಂದು, ಹನ್ನೆರಡು."

— ಹನ್ನೆರಡು! ಹನ್ನೆರಡು ಗುಳ್ಳೆ!

— ಅದು ಬೋಲ್ಟು, ಡಾಕ್ಟ್ರಮ್ಮ. ಉಕ್ಕಿನ ಪೆಟ್ಟಿಗೆಗೆ ಹನ್ನೆರಡು ಬೋಲ್ಟು.

ಸ್ಪ್ಯಾನರಿನ ಖಣಖಣ ಸದ್ದಾಯಿತು. ದನಿ ಮತ್ತೆ ಒಂದರಿಂದ ಶುರುಮಾಡಿತು.

— ಇದು?

— ಇದೂ ಬೋಲ್ಟೇ ಇರ್ಬೇಕು. ನಾನು ಎರಡೆರಡು ಸಲ ನೋಡ್ತೀನಿ.

— ಒಂದು ಸಲ ನೋಡಿದ್ರೆ ಸಾಕಾಗ್ತಿರಲಿಲ್ವಾ?

— ಒಂದೇ ಸಲ ನೋಡಿದೋನನ್ನ ಕಳಿಸಿಯೇ ನನ್ನನ್ನ ಕೆಲಸಕ್ಕೆ ತಗೊಂಡಿದ್ದು.

ಬಾಗಿಲು ತೆರೆಯಿತು. ನಿರ್ದೇಶಕರು, ಅವರ ಹಿಂದೆ ಸಮಿತಿಯ ಮೂವರು.

— ಏನಮ್ಮಾ, ಎಷ್ಟು ಬಂತು?

ಅವಳು ಕೇಳಿ ಎಂಬಂತೆ ಬೆರಳೆತ್ತಿದಳು. ಐವರು ಘನವಿದ್ವಾಂಸರು ಒಬ್ಬ ಮೆಕ್ಯಾನಿಕ್‌ನ ಎಣಿಕೆಗೆ ಕಿವಿಗೊಟ್ಟು ನಿಂತರು.

"...ಹತ್ತು... ಹನ್ನೊಂದು... ಹನ್ನೆರಡು."

ದನಿ ನಿಂತಿತು. ಅವಳ ತಲೆ ತಗ್ಗಿತು. ಚಿಕ್ಕಪ್ಪ ತಪ್ಪಿತಸ್ಥನಂತೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಆದರೆ ಈ ಸಲ ಸ್ಪ್ಯಾನರ್ ಸದ್ದಾಗಲಿಲ್ಲ. ಏನನ್ನೋ ಕಣ್ಣ ಹತ್ತಿರ ಹಿಡಿದುಕೊಂಡವನ ಉಸಿರು ಮಾತ್ರ ಕೇಳಿಸಿತು. ಆಮೇಲೆ ಅದೇ ದನಿ, ತುಸು ಬೆರಗಿನಿಂದ:

"ಅರೆ, ಲೋಳೆ ತಳದಲ್ಲಿ ಇನ್ನೂ ಇವೆಯಲ್ಲ... ಹದಿಮೂರು... ಹದಿನಾಲ್ಕು."