ಜೀಪಿಗೆ ಹಾಸಿದ ನಾರಿನ ಮ್ಯಾಟು

ತುಮಕೂರಿನ ಜಾನುವಾರು ಕ್ಷೇಮಾಭಿವೃದ್ಧಿ ಮಂಡಳಿಗೆ ೧೯೭೮ರಲ್ಲಿ ಮಂಜೂರಾದ ಜೀಪು ಕಲ್ಲು, ಕೊರಕಲು, ಕೆರೆಯಂಗಳ ಎನ್ನದೆ ಎಲ್ಲೆಂದರಲ್ಲಿ ಓಡತಕ್ಕದ್ದು ಎಂದು ಸರ್ಕಾರ ತಿಳಿಸಿತ್ತು. ಎಷ್ಟು ಜೋರಾಗಿ ಓಡತಕ್ಕದ್ದು ಎಂದು ತಿಳಿಸಿರಲಿಲ್ಲ. ಮಂಡಳಿಯನ್ನು ದೂರುವವರು ಮೊದಲು ಇದನ್ನು ಗಮನಿಸಬೇಕು. ಅಲ್ಲಿ ಗುಮಾಸ್ತನಾಗಿದ್ದ ನನಗೆ ಆ ಜೀಪಿನ ಬಗ್ಗೆ ಈಗಲೂ ಹೆಮ್ಮೆಯಿದೆ.

ಮೊದಲ ತಿಂಗಳು ಅದು ಚೆನ್ನಾಗಿಯೇ ಓಡಿತು. ಆಮೇಲೆ ನಮ್ಮ ಸಾಹೇಬರಾದ ಲಕ್ಷ್ಮೀನರಸಿಂಹಯ್ಯನವರ ಮನೆಯವರು ವನಜಮ್ಮನವರು, ಉಪ್ಪಾರಹಳ್ಳಿಯಲ್ಲಿ ತಾವು ಅಧ್ಯಕ್ಷೆಯಾಗಿದ್ದ ನಾರಿನ ಸಂಘದಿಂದ ದಪ್ಪನೆಯ ತೆಂಗಿನ ನಾರಿನ ಮ್ಯಾಟೊಂದನ್ನು ಮಂಡಳಿಗೆ ಮಾರಿದರು. ತಾವೇ ಬಂದು ಅರಿಶಿನ ಕುಂಕುಮ ಹಚ್ಚಿ, ಡ್ರೈವರ್ ಚೌಡಪ್ಪನ ಕಾಲಡಿಗೆ ಹಾಸಿದರು. ಅಂದಿನಿಂದ ಆಕ್ಸಿಲರೇಟರು ಎಷ್ಟೇ ಒತ್ತಿದರೂ ಮ್ಯಾಟಿಗೆ ತಾಗಿ ನಿಲ್ಲುತ್ತಿತ್ತು. ಜೀಪು ಎತ್ತಿನ ಗಾಡಿಯನ್ನು ಹಿಂದೆ ಹಾಕಲು ಹೆಣಗುತ್ತಿತ್ತು. ಕಾರಣ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಸಾಹೇಬರು ಕಾರಣವೇನೆಂದು ಪತ್ತೆ ಹಚ್ಚಲು ಆಜ್ಞೆ ಮಾಡಿದರು.

ಇದರಿಂದ ಸಂಕಟಕ್ಕೆ ಬಿದ್ದವಳು ಬೆಳ್ಳಾವಿಯ ಹನುಮಂತಮ್ಮ. ಅವಳಿಗಿದ್ದದ್ದು ಒಂದೇ ಸೀಮೆಹಸು. ಊರಿಗೆ ಕಾಲುಬಾಯಿ ಜ್ವರ ಬಂದು ಪಕ್ಕದ ಬೀದಿಯವರೆಗೆ ಮುಟ್ಟಿತ್ತು. ಚುಚ್ಚುಮದ್ದು ತುಮಕೂರಿನಿಂದ ಐಸ್ ಪೆಟ್ಟಿಗೆಯಲ್ಲಿ ಹೋಗಬೇಕು. ಐಸು ಕರಗಿದರೆ ಮದ್ದು ಕೆಟ್ಟಂತೆಯೇ. ಬೆಳ್ಳಾವಿ ಕಾಣುವ ಮೊದಲೇ ಪೆಟ್ಟಿಗೆಯಲ್ಲಿ ಬರೀ ನೀರು. ಎರಡು ಸಲ ಕಾದು ಬೇಸತ್ತ ಹನುಮಂತಮ್ಮ ಬಸ್ಸು ಹತ್ತಿ ಕಚೇರಿಗೇ ಬಂದಳು.

"ಸ್ವಾಮಿ, ಜೀಪಲ್ಲಿರೋ ಆ ಚಾಪೆ ಎತ್ತಿ ಅತ್ಲಾಗ್ ಹಾಕಿಸ್ಬುಡಿ. ನನ್ ಹಸ ಉಳ್ಕತದೆ. ಚೌಡಪ್ಪನೇ ಹೇಳ್ದ."

ಚೌಡಪ್ಪ ಕಿಟಕಿಯಾಚೆ ನೋಡಿದ.

"ನೋಡಮ್ಮ, ಗಾಡಿ ನಿಧಾನ ಆಗೋಕೆ ನೂರೆಂಟು ಕಾರಣ ಇರ್ತವೆ," ಎಂದರು ಸಾಹೇಬರು. "ಒಂದೊಂದಾಗಿ ನೋಡ್ತಾ ಇದೀವಿ. ನಿನ್ನ ಹಸುಗೆ ಸ್ವಲ್ಪ ತಾಳ್ಕೊಳ್ಳೋಕೆ ಹೇಳು."

ನಾವು ನಿಜವಾಗಿಯೂ ನೋಡಿದೆವು. ಏರ್ ಫಿಲ್ಟರ್ ಬಿಚ್ಚಿ ಒದರಿದೆವು. ಪ್ಲಗ್ಗು ಉಜ್ಜಿದೆವು. ಬ್ರೇಕು ಎಲ್ಲಾದರೂ ಹಿಡಿದಿದೆಯೇ ಎಂದು ಸಿಬ್ಬಂದಿಯೆಲ್ಲ ಸೇರಿ ಜೀಪನ್ನು ತಳ್ಳಿದೆವು. ಇಂಜಿನ್ನು ಎಳೆದದ್ದಕ್ಕಿಂತ ಜೋರಾಗಿಯೇ ಹೋಯಿತು. ಕೊನೆಗೆ ಗ್ಯಾರೇಜಿನ ರಾಮಾಂಜಿನಯ್ಯನನ್ನು ಕರೆಸಿದೆವು. ಅವನು ಮ್ಯಾಟು ತೆಗೆದಿಟ್ಟು, ಕ್ಯಾತ್ಸಂದ್ರದವರೆಗೆ ಧೂಳೆಬ್ಬಿಸಿಕೊಂಡು ಹೋಗಿ ಬಂದ. ಮತ್ತೆ ಮ್ಯಾಟನ್ನು ಇದ್ದ ಹಾಗೆಯೇ ಹಾಸಿ ಕೈ ಒರೆಸಿಕೊಂಡ.

"ಗಾಡೀಲಿ ಏನೂ ದೋಷ ಇಲ್ಲ ಸಾರ್. ಇಂಜಿನ್ ಬಿಸಿ ಕೆಳಗಡೆಯಿಂದ ಹೊಡೀತೈತೆ, ಡ್ರೈವರ್ ಕಾಲು ಹೆದರ್ಕತದೆ. ಇನ್ನೊಂದ್ ಮ್ಯಾಟ್ ಹಾಕ್ಸಿ."

ಅವನ ಹೆಂಡತಿ ಅದೇ ಸಂಘದ ಖಜಾಂಚಿಯಾಗಿದ್ದಳು. ಅದಕ್ಕೂ ಈ ಅಭಿಪ್ರಾಯಕ್ಕೂ ಯಾವ ಸಂಬಂಧವೂ ಇಲ್ಲವೆಂದು ಸಾಹೇಬರು ಯಾರೂ ಕೇಳದಿದ್ದರೂ ಸ್ಪಷ್ಟಪಡಿಸಿದರು.

ಎರಡನೆಯ ಮ್ಯಾಟು ಬಂತು. ಅದರಿಂದ ಗುಣ ಕಾಣದ್ದರಿಂದ ಮೂರನೆಯದನ್ನೂ ಹಾಸಲಾಯಿತು. ಈಗ ಜೀಪನ್ನು ತಲೆಯ ಮೇಲೆ ಸೌದೆ ಹೊತ್ತ ಹೆಂಗಸರೂ ಹಿಂದೆ ಹಾಕತೊಡಗಿದರು. ಗುಬ್ಬಿ, ಕುಣಿಗಲ್ಲಿನ ನಮ್ಮ ಶಾಖೆಗಳು ನಾವೇಕೆ ಹಿಂದುಳಿಯಬೇಕೆಂದು ತಮಗೂ ಮ್ಯಾಟು ತರಿಸಿಕೊಂಡವು. ಐಸು ಮಾತ್ರ ಬೆಳ್ಳಾವಿಯ ಅರ್ಧ ದಾರಿಯಲ್ಲಿದ್ದ ಹುಣಸೆಮರದ ಹತ್ತಿರವೇ ಮುಗಿಯುವ ಹಂತಕ್ಕೆ ಬರುತ್ತಿತ್ತು. ಆಗ ಮಂಡಳಿ ಈ ಪ್ರಕಟಣೆ ಹೊರಡಿಸಿತು:

'ಐಸು ಎಲ್ಲಿಯವರೆಗೆ ಉಳಿಯುವುದೋ ಆ ಸ್ಥಳವನ್ನೇ ಇನ್ನು ಮುಂದೆ ಬೆಳ್ಳಾವಿ ಎಂದು ಭಾವಿಸತಕ್ಕದ್ದು. ಬೆಳ್ಳಾವಿಯ ನಿವಾಸಿಗಳು ಜಾನುವಾರು ಸಮೇತ ಬೆಳ್ಳಾವಿಗೆ ಬರತಕ್ಕದ್ದು.'

ಹುಣಸೆಮರಕ್ಕೆ ಬೋರ್ಡು ಹೊಡೆಸಿದೆವು: 'ಬೆಳ್ಳಾವಿ. ಜಾನುವಾರುಗಳಿಗೆ ಮಾತ್ರ.'

ಹನುಮಂತಮ್ಮ ನಸುಕಿನಲ್ಲೇ ಹಸು ಹೊಡೆದುಕೊಂಡು ಬಂದು ಮರದಡಿ ಕಾದಳು. ಪೆಟ್ಟಿಗೆಯಲ್ಲಿ ಇನ್ನೂ ನಿಂಬೆಹಣ್ಣಿನಷ್ಟು ಐಸಿತ್ತು. ಮದ್ದು ಬಿತ್ತು. ಅವಳು ಹಸುವಿನ ಕತ್ತು ತಬ್ಬಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹಸು ಉಳಿಯಿತು. ರೋಗವೂ ಊರು ಬಿಟ್ಟಿತು. ಇದೆಲ್ಲ ಜೀಪಿನಿಂದಲೇ ಆದದ್ದೆಂದು ಬೆಳ್ಳಾವಿಯವರು, ಅಂದರೆ ಜನರಿರುವ ಬೆಳ್ಳಾವಿಯವರು, ಒಂದು ಸಂಜೆ ಸನ್ಮಾನ ಏರ್ಪಡಿಸಿದರು. ಸಾಹೇಬರು ಬೆಳಗ್ಗೆಯೇ ಹೊರಟರು. ಹುಣಸೆಮರ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅದೇ ಜೀಪಿನಲ್ಲಿ ಬಂದ ಎರಡನೆಯ ಸುತ್ತಿನ ಮದ್ದು ಹಾಕಿಸಿಕೊಂಡ ಹಸುವನ್ನು ಹನುಮಂತಮ್ಮ ಮನೆಯ ಕಡೆ ಹೊಡೆಯತೊಡಗಿದಳು.

"ಸ್ವಾಮಿ, ನಮ್ ಜತೇಲಿ ಬನ್ನಿ," ಎಂದಳು. "ದೀಪ ಹಚ್ಚೋ ಹೊತ್ಗೆ ಸೇರ್ಕಬೋದು."

ಸಾಹೇಬರು ಕೈಗಡಿಯಾರ ನೋಡಿ, ಜೀಪಿನಿಂದ ಇಳಿದು, ಹಸುವಿನ ಪಕ್ಕ ಹೆಜ್ಜೆ ಹಾಕಿದರು. ಮ್ಯಾಟು ಕೊಳೆಯಾಗದಂತೆ ನೋಡಿಕೊಂಡು ಹಿಂದೆ ಬರಲು ಚೌಡಪ್ಪನಿಗೆ ಸೂಚಿಸಿದರು.

ಸಭೆ ಸರಿಯಾದ ಸಮಯಕ್ಕೆ ಆರಂಭವಾಯಿತು. ಜೀಪು ಇನ್ನೂ ದಾರಿಯಲ್ಲಿತ್ತು. ಜೀಪಿಗೆಂದು ಕಟ್ಟಿಸಿದ್ದ ಸೇವಂತಿಗೆ ಹಾರವನ್ನು ಹಸುವಿಗೆ ಹಾಕಿ, ಎಲ್ಲರೂ ಚಪ್ಪಾಳೆ ತಟ್ಟಿದರು. ಹಸು ಅರ್ಧ ಹಾರ ತಿಂದಿತು.