ಭಾಮೈದನ ಉಪ್ಪಿನ ಬಿಲ್ಲೆ

ಅನುಮಾನ ಒಂದು ಕಾಯಿಲೆ ಎನ್ನುತ್ತಾರೆ. ನನಗೆ ಅದು ಕಸುಬಾಗಿತ್ತು. ವನಗೂರಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವನು ತೂಕಕ್ಕೆ ಬಂದ ಹಣ್ಣಿನ ಚೀಲದ ತಳದಲ್ಲಿ ಕಲ್ಲಿದೆಯೇ ಎಂದು ಕೈಹಾಕಿ ನೋಡದೆ ಇರುವುದು ಹೇಗೆ? ಆ ಚಾಳಿ ಮನೆಯೊಳಗೂ ಬಂತು. ಹೆಂಡತಿ ಸಾವಿತ್ರಿ ಹಾಲಿಗೆ ನೀರು ಬೆರೆಸಿ ನನಗೇ ಮೋಸ ಮಾಡುತ್ತಿದ್ದಾಳೆಂದು ಒಮ್ಮೆ ಅನುಮಾನಿಸಿದ್ದೆ. ಹಸು ನಮ್ಮದೇ ಎಂಬುದು ಆಮೇಲೆ ಹೊಳೆಯಿತು. ಆದರೆ ಈಗ ಒಪ್ಪಿಕೊಳ್ಳಬೇಕಾದ ತಪ್ಪು ಬೇರೆ.

ಅರವತ್ತರ ದಶಕದ ಮಾತು. ಸಾವಿತ್ರಿಯ ತಮ್ಮ ಚಂದ್ರು ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ. ಬೇಸಿಗೆ ರಜೆಗೆ ಬಂದವನು ಒಂದು ತಗಡಿನ ಡಬ್ಬಿ ತಂದ. ಒಳಗೆ ಹತ್ತಿಯ ನಡುವೆ ರೂಪಾಯಿಯಗಲದ, ಗಾಜಿನಂಥ ಬಿಲ್ಲೆ. ದಿನವೂ ಅದನ್ನು ಮೆತ್ತನೆಯ ಬಟ್ಟೆಯಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮುಚ್ಚಿಡುತ್ತಿದ್ದ.

“ಏನಯ್ಯಾ ಅದು?” ಎಂದೆ.

“ಉಪ್ಪು, ಭಾವ. ನಮ್ ಯಂತ್ರಕ್ಕೆ ಹಾಕೋ ಕಿಟಕಿ.”

ಉಪ್ಪನ್ನು ಹತ್ತಿಯಲ್ಲಿಟ್ಟು ಸಾಕುವವರನ್ನು ನಾನು ಕಂಡಿರಲಿಲ್ಲ. ಬಿಡಿಸಿ ಹೇಳೆಂದೆ.

“ಕಣ್ಣಿಗೆ ಕಾಣದಷ್ಟು ಸಣ್ಣ ಉಂಗುರ ಇರ್ತವೆ ಭಾವ. ಐದು ಜನ ಕೈ ಹಿಡ್ಕೊಂಡು ಸುತ್ತ ನಿಂತಂಗೆ. ಅದ್ರಲ್ಲಿ ಒಬ್ಬಂಗೆ ಇನ್ನೊಂದು ಕೈ ಇದ್ದು, ಅದು ಖಾಲಿ. ಅದ್ಕೇ ಸಿಕ್ಕಿದ್ದನ್ನ ಹಿಡ್ಕೊಂಬುಡ್ತವೆ, ಕ್ಷಣಾನೂ ಹಂಗೇ ಉಳಿಯಲ್ಲ. ಅವನ್ನ ಚಳೀಲಿ ಹೆಪ್ಪುಗಟ್ಟಿಸಿ, ಶಾಖದ ಬೆಳಕು ಬಿಟ್ಟು, ಹೆಂಗೆ ನಡುಗ್ತವೆ, ಹೆಂಗೆ ಬಾಗ್ತವೆ ಅಂತ ನೋಡ್ತೀವಿ. ಆ ಬೆಳಕು ಗಾಜಲ್ಲಿ ತೂರಲ್ಲ, ಉಪ್ಪಲ್ಲಿ ತೂರ್ತದೆ.”

“ಆ ಬೆಳಕಾದ್ರೂ ಕಾಣ್ತದೇನೋ ಮಾರಾಯ?”

“ಇಲ್ಲ.”

ಉಂಗುರ ಕಾಣದು, ಬೆಳಕು ಕಾಣದು. ಕಾಣುವ ಒಂದೇ ಒಂದು ವಸ್ತು ಉಪ್ಪಂತೆ! ಇದು ವಜ್ರವೇ, ಎಲ್ಲಿಂದಲೋ ಎಗರಿಸಿದ್ದಾನೆ ಎಂದು ತೀರ್ಮಾನಿಸಿದೆ.

ಅಪ್ಪಟ ವಜ್ರ ನೀರಿನಲ್ಲಿ ಕಾಣುವುದಿಲ್ಲವೆಂದು ಯಾರೋ ಹೇಳಿದ್ದರು. ಚಂದ್ರು ಬೆಳಗೋಡಿಗೆ ಹೋದ ದಿನ ಬಿಲ್ಲೆಯನ್ನು ಒಂದು ಚೊಂಬು ಬಿಸಿನೀರಿಗೆ ಹಾಕಿ, ಎಸ್ಟೇಟಿನ ಸ್ಟೋರಿಗೆ ಹೋಗಿ ಬಂದು ಇಣುಕಿದೆ. ಕಾಣಲಿಲ್ಲ! ವಜ್ರವೇ! ಹಿಗ್ಗಿ ಕೈಹಾಕಿದೆ. ತಳವನ್ನೆಲ್ಲ ತಡಕಿದೆ. ಕೊನೆಗೆ ಬೆರಳು ನೆಕ್ಕಿದೆ.

ಬರೀ ಹತ್ತಿ ಉಳಿದ ಡಬ್ಬಿಗೆ ಮುಚ್ಚಳ ಹಾಕಿ ಎಂದಿನ ಜಾಗದಲ್ಲಿಟ್ಟೆ.

ಸಂಜೆ ಅದನ್ನು ತೆರೆದ ಚಂದ್ರು ಹತ್ತಿಯನ್ನೆಲ್ಲ ಬಿಡಿಸಿ ಹುಡುಕಿದ. ಗುರುಗಳು ನಂಬಿ ಕೊಟ್ಟ ಬಿಲ್ಲೆ. ಅಂಥದೇ ಇನ್ನೊಂದು ಬಿಲ್ಲೆ ಪರದೇಶದಿಂದ ಹಡಗಿನಲ್ಲಿ ಬರುವವರೆಗೆ ಅವನ ಕೆಲಸ ನಿಂತಂತೆ. ಸಾವಿತ್ರಿ ಕಣ್ಣೊರೆಸಿಕೊಂಡಳು. ನಾನು, “ಇಲಿ ಏನಾದ್ರೂ...” ಎಂದೆ.

“ಇಲ್ಲ ಭಾವ, ಇಲ್ಲಿ ಗಾಳೀಲೇ ತೇವ ಐತಲ್ಲ, ಕರಗೋಗ್ಬುಟ್ಟೈತೆ. ತಂದಿದ್ದು ನಂದೇ ತಪ್ಪು.”

ಹುಡುಗ ಒಂದು ವರ್ಷ ಹಿಂದೆ ಬಿದ್ದ. ನಾನು ಬಾಯಿ ಬಿಡಲಿಲ್ಲ.

ಗಾಳಿಗೆ ಕರಗಿದ್ದರೆ ಹತ್ತಿಯಾದರೂ ಒದ್ದೆಯಾಗಿರಬೇಕಿತ್ತು ಎಂದು ನನಗೆ ಹೊಳೆದದ್ದು ಆರು ತಿಂಗಳ ಮೇಲೆ. ಕಾಣದ ಉಂಗುರದ ನಡುಕ ಹಿಡಿಯುವವನಿಗೆ ಎದುರಿಗೇ ಕೂತ ಭಾವನ ನಡುಕ ಕಾಣಲಿಲ್ಲವೇ? ಇವತ್ತಿಗೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಚಂದ್ರು ಉಪ್ಪಿನ ಬಟ್ಟಲನ್ನು ನನ್ನತ್ತ ಸರಿಸಿ, “ಉಪ್ಪು ಸಾಕಾ ಭಾವ?” ಎನ್ನುತ್ತಾನೆ. ಸುಮ್ಮನೆ ಕೇಳುತ್ತಾನೋ, ತಿಳಿದೇ ಕೇಳುತ್ತಾನೋ? ಇಷ್ಟು ವರ್ಷವಾದರೂ ಆ ಹುಡುಗನ ಮೇಲೆ ನನಗೆ ಅನುಮಾನವೇ.