ಅಪ್ಪನ ತಿಥಿಗೆ ಬಾಡಿಗೆ ಹಾಡು

ದೇಜಾನ್ ನಗರದ ಮ್ಯೊಂಗ್ ಕಿಹ್ವಾನ್ ಒಂದು ಮಹಾಸಂಕಲ್ಪ ಮಾಡಿದ: ಇನ್ನು ಮುಂದೆ ಮನೆಯಲ್ಲಿ ಒಂದೇ ಒಂದು ಹಾಡನ್ನೂ ಇಟ್ಟುಕೊಳ್ಳುವುದಿಲ್ಲ. ಅಶ್ವಮೇಧದ ಕುದುರೆ ಬಿಟ್ಟವರೂ ಇಷ್ಟು ಗತ್ತಿನಿಂದ ಬಿಟ್ಟಿರಲಿಕ್ಕಿಲ್ಲ.

"ತಿಂಗಳ ಚಂದಾ ಕಟ್ಟಿದರೆ ಲೋಕದ ಹಾಡೆಲ್ಲ ಫೋನಿಗೆ ಬರುತ್ತೆ. ಹಾಡು ಅಂದರೆ ನಲ್ಲಿ ನೀರು ಕಣೇ. ತಿರುಗಿಸಿದರೆ ಆಯ್ತು."

"ನಲ್ಲಿ ಕಾರ್ಪೊರೇಷನ್ನಿನವರದು ರೀ," ಎಂದಳು ಹೆಂಡತಿ ಮಿರಾನ್.

ದಿಗ್ವಿಜಯದಲ್ಲಿ ಮೊದಲು ಬಿದ್ದ ತಲೆ ಸತ್ತ ಅಪ್ಪನ ಪೆನ್‌ಡ್ರೈವಿನದು. ಅಪ್ಪ ಲಾರಿ ಓಡಿಸುತ್ತಿದ್ದವರು. ಹೆದ್ದಾರಿಯ ಗೂಡಂಗಡಿಯಲ್ಲಿ ಅದನ್ನು ಕೊಂಡಿದ್ದರು. ಹಾಡಿದವಳ ಹೆಸರು ಅವಳ ಹೆತ್ತವಳಿಗಾದರೂ ಗೊತ್ತಿತ್ತೋ ಇಲ್ಲವೋ. ಹುಟ್ಟಾ ನೆಗಡಿಯಿದ್ದವಳ ಹಾಗೆ ಮೂಗಿನಲ್ಲೇ ಹಾಡುತ್ತಿದ್ದಳು. ಲಾರಿ ಇನ್ನೂ ಸೇತುವೆಯ ಮೇಲಿರುವಾಗಲೇ ಅವಳ ಹಾಡು ಮುಂದಾಗಿ ಬಂದು ಅಡುಗೆಮನೆಯಲ್ಲಿ ಕೂತಿರುತ್ತಿತ್ತು. ಅಮ್ಮ ಅನ್ನ ಬಡಿಸಲು ಏಳುತ್ತಿದ್ದುದು ಅದು ಕೇಳಿದ ಮೇಲೆಯೇ.

ಕಿಹ್ವಾನ್ ಆ ಪೆನ್‌ಡ್ರೈವಿನ ಹಾಡೆಲ್ಲ ಅಳಿಸಿ, ಫ್ಲ್ಯಾಟಿನವರ ಸಭೆಯ ನಡಾವಳಿ ತುಂಬಿಸಿದ.

ವರ್ಷದ ತಿಥಿ ಹತ್ತಿರ ಬಂತು. ಅಪ್ಪ ಹೋದ ಮೇಲೆ ಮಗನ ಫ್ಲ್ಯಾಟಿಗೆ ಬಂದಿದ್ದ ಅಮ್ಮ ಅಂದಳು: "ಅವರ ಹಾಡು ಹಾಕಪ್ಪ. ಈ ಮನೆ ಅವರು ನೋಡಿಯೇ ಇಲ್ಲ. ಹದಿನಾಲ್ಕನೇ ಮಹಡಿ, ಎಲ್ಲಾ ಬಾಗಿಲೂ ಒಂದೇ ಥರ. ಹಾಡು ಕೇಳಿದರೆ ಬಂದು ಉಂಡು ಹೋಗ್ತಾರೆ."



"ಈಗೇನು," ಎಂದಳು ಮಿರಾನ್ ಗಂಡನನ್ನು ಒಳಗೆ ಕರೆದು, "ಮಾವ ಲಿಫ್ಟ್ ರಿಪೇರಿ ನಡಾವಳಿ ಕೇಳಿಕೊಂಡು ಬರಬೇಕಾ?"

"ಸುಮ್ಮನಿರೇ. ಫೋನಿನಲ್ಲಿ ಎಲ್ಲಾ ಇದೆ."

ಎಲ್ಲಾ ಇತ್ತು. ಅದೇ ಹಾಡನ್ನು ಮಕ್ಕಳು ಹಾಡಿದ್ದರು, ಪಾದ್ರಿಗಳು ಹಾಡಿದ್ದರು, ಪಿಟೀಲಿನಲ್ಲಿ ಯಾರೋ ಅದರ ಕತ್ತು ಹಿಸುಕಿದ್ದರು. ಆ ಮೂಗೊಂದು ಇರಲಿಲ್ಲ. ಗೂಡಂಗಡಿ ಹುಡುಕಿಕೊಂಡು ಹೋದರೆ ಅಲ್ಲಿ ಕಾಫಿ ಮಾರುತ್ತಿದ್ದರು. ಕೊನೆಗೆ ಆ ಕಂಠಕ್ಕೆ ದೂರದ ನೆಂಟಳಂತಿದ್ದ ಒಬ್ಬಳನ್ನು ಆರಿಸಿದ.

"ಅತ್ತೆಗೆ ಗೊತ್ತಾಗುತ್ತೆ ರೀ."

"ಈ ವಯಸ್ಸಿಗೆ ಎಲ್ಲಾ ಹಾಡೂ ಒಂದೇ ಕಣೇ."

ಸಂಜೆ ಎಡೆ ಇಟ್ಟರು. ಒಣಮೀನು, ಪೇರುಹಣ್ಣು, ಅಕ್ಕಿ ಮದ್ಯ, ಅಪ್ಪ ಉಣ್ಣಲೆಂದು ಅನ್ನದಲ್ಲಿ ನೆಟ್ಟಗೆ ಚುಚ್ಚಿದ ಚಮಚ. ಮುಂಬಾಗಿಲು ತೆರೆದರು. ಅಡ್ಡಬಿದ್ದರು. ಕಿಹ್ವಾನ್ ಹಾಡು ಹಚ್ಚಿದ.

ಅಮ್ಮ ತಲೆಯೆತ್ತಿದಳು. "ಇವಳಿಗೆ ನೆಗಡಿ ಇಲ್ಲ."

ಮಗ ಫೋನಿನ ಧ್ವನಿ ಜೋರು ಮಾಡಿದ.

"ಇರಲಿ, ಧಾಟಿ ಅದೇ. ಬಂದರೂ ಬಂದಾರು," ಎಂದು ಬಾಗಿಲ ಕಡೆ ತಿರುಗಿ, ಸೆರಗಿಲ್ಲದ ಉಡುಪನ್ನೇ ಸರಿಪಡಿಸಿಕೊಂಡು ಕೂತಳು.

ಒಂದು ಚರಣ ಮುಗಿಯುವಷ್ಟರಲ್ಲಿ ಹಾಡು ನಿಂತಿತು. ಕಿಹ್ವಾನ್ ಮತ್ತೆ ಹಚ್ಚಿದ. ಮತ್ತೆ ನಿಂತಿತು. ಪರದೆಯ ಮೇಲಿನ ಸೂಚನೆ ಓದಿದಾಗ ಹೊಳೆಯಿತು. ಸೈನ್ಯ ಸೇರಿದ್ದ ತನ್ನ ಮಗ ಹೇರಾಮನಿಗೂ ಇದೇ ಚಂದಾ. ಬ್ಯಾರಕ್ಕಿನಲ್ಲಿ ಫೋನು ಕೈಗೆ ಕೊಡುವುದು ಸಂಜೆಯೇ. ಒಂದು ಚಂದಾಕ್ಕೆ ಒಂದೇ ಕಿವಿ; ಅಲ್ಲಿ ಮೊಮ್ಮಗ ಕೇಳಿದರೆ ಇಲ್ಲಿ ಅಜ್ಜನಿಗಿಲ್ಲ. ಕರೆ ಮಾಡಿದ. ಹಾಡಿನಲ್ಲಿ ಮುಳುಗಿದ್ದ ಹುಡುಗ ಎತ್ತಲಿಲ್ಲ. ಊರಿನ ಹಾಡೆಲ್ಲ ಅಂಗೈಯಲ್ಲಿದ್ದ ಮಹಾರಾಜ ಎಡೆಯ ಮುಂದೆ ಮಂಡಿಯೂರಿ ಫೋನನ್ನು ಕುಟ್ಟುತ್ತಿದ್ದ. ಅನ್ನದ ಹಬೆ ಇಳಿಯುತ್ತಿತ್ತು.

"ಏನಂತೋ ಅದು?"

"ಬೇರೆ ಕಡೆ... ಬೇರೆ ಕಡೆ ಕೇಳ್ತಿದ್ದಾರಂತೆ ಅಮ್ಮ. ಅದಕ್ಕೇ ಇಲ್ಲಿ ನಿಂತುಹೋಯ್ತು."

ಹೇರಾಮನ ಹೆಸರು ಅವನ ಗಂಟಲಿನವರೆಗೆ ಬಂತು. ಅಮ್ಮನ ಮುಖ ನೋಡಿ ನುಂಗಿಕೊಂಡ.

ಅಮ್ಮ ತೆರೆದ ಬಾಗಿಲನ್ನು, ಅದರಾಚೆ ಲಿಫ್ಟನ್ನು ನೋಡಿದಳು.

"ಹಾಗಾದರೆ ಅವರಿಗೆ ಅಲ್ಲೂ ಹಾಡು ಸಿಗುತ್ತೆ ಅನ್ನು. ಸದ್ಯ." ಆಮೇಲೆ ತಣ್ಣಗಾದ ಅನ್ನದ ಬಟ್ಟಲನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿ, ಮೆಲ್ಲಗೆ ಕೇಳಿದಳು: "ಊಟ ಮಾಡಿದರೋ ಇಲ್ಲವೋ, ಅದನ್ನೂ ತೋರಿಸುತ್ತಾ ನೋಡಪ್ಪ."